ಬೆಳ್ಳಿತೆರೆಯ ವೀರಪ್ಪನ್ನೂ ಗಡಿಸೀಮೆಯ ಚರಿತ್ರೆಯೂ

ದರೋಡೆಕೋರರ ಕಥೆಯೆಂದರೆ ಜನರು ಕಿವಿಗೊಡುವುದು ಎಲ್ಲ ಕಾಲದಲ್ಲಿಯೂ ಉಂಟು. ಹಿಂದೆ ಇಂಥ ಕಥೆಗಳನ್ನು ಲಾವಣಿಕಾರರು ಡಪ್ಪು ಬಡಿದು ಹಾಡುತ್ತಿದ್ದರು. ಇಂದು ಆ ಕೆಲಸವನ್ನು ಚಲನಚಿತ್ರ ವಹಿಸಿಕೊಂಡಿದೆ. ಹಿಂದೀ ಚಿತ್ರರಂಗವಂತೂ ಚಂಬಲ್ ಕಣಿವೆಯ ಡಕಾಯಿತರಿಗೆ ಬಹಳವಾಗಿ ಋಣಿಯಾಗಿದೆ. 1963ರ ‘ಮುಝೆ ಜೀನೇ ದೋ’ ಎಂಬ ಚಿತ್ರ ಆ ಕಣಿವೆಯ ಕಥೆಯನ್ನು ಹೇಳಿತು. 1975ರ ‘ಶೋಲೆ’ಯ ಗಬ್ಬರ್ ಸಿಂಗನ ಹೆಸರು 1950ರ ದಶಕದಲ್ಲಿ ಚಂಬಲ್ ಸೀಮೆಯನ್ನು ನಡುಗಿಸಿದ ನಿಜವಾದ ಡಕಾಯಿತನೊಬ್ಬನದು, ಆದರೆ ತೆರೆಯ ಮೇಲೆ ಅವನು ಓಡಾಡಿದ ಬಂಡೆಗಳು ನಮ್ಮ ರಾಮನಗರದವು. ಫೂಲನ್ ದೇವಿಯ ಬಾಳನ್ನು ಕುರಿತ ‘ಬ್ಯಾಂಡಿಟ್ ಕ್ವೀನ್’ 1994ರಲ್ಲಿ ಸಿದ್ಧವಾದಾಗ ಸ್ವತಃ ಆಕೆಯೇ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅದನ್ನು ಆಕ್ಷೇಪಿಸಿದಳು. ಕಥೆಗೆ ವಸ್ತುವಾದವರಿಗೂ ಕಥೆ ಕಟ್ಟಿದವರಿಗೂ ಹೀಗೆ ವ್ಯಾಜ್ಯ ಹುಟ್ಟುವುದು ಹೊಸದೇನಲ್ಲ.

ನಮ್ಮ ತಾಳವಾಡಿ ಸೀಮೆಯವರಿಗೆ ಈ ಬಗೆಯ ಚಿತ್ರಗಳು ಬಹುಕಾಲ ದೂರದ ಮಾತಾಗಿದ್ದವು. ಆದರೆ 2016ರ ಮೇ ತಿಂಗಳಲ್ಲಿ ರಾಮ್ ಗೋಪಾಲ್ ವರ್ಮಾ ಅವರ ‘ವೀರಪ್ಪನ್’ ಎಂಬ ಹಿಂದೀ ಚಿತ್ರ ದೇಶದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಅದರಲ್ಲಿ ತೋರಿಸಿದ ಕಾಡು ನಮ್ಮ ಕಾಡು. ಅದರ ಕಳ್ಳ ನಮ್ಮ ಬೆಟ್ಟಗಳಲ್ಲಿ ಅಲೆದವನು. ವೀರಪ್ಪನ್ ಸತ್ತ ಮೇಲೆ ಹುಟ್ಟಿದ ನಮ್ಮ ಮಕ್ಕಳು ಅವನನ್ನು ತಿಳಿದಿರುವುದು ಇಂಥ ಚಿತ್ರಗಳ ಮೂಲಕವೇ. ಆದಕಾರಣ ಆ ಚಿತ್ರ ಏನನ್ನು ಹೇಳಿತು, ಹೇಳದೆ ಬಿಟ್ಟುದು ಯಾವುದು ಎಂಬುದನ್ನು ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಒಂದಿಷ್ಟು ವಿಚಾರಮಾಡುವುದು ಉಚಿತವೆಂದು ತೋರಿತು.

ಚಿತ್ರದ ಕಥಾಸೂತ್ರ ಸರಳವಾದುದು. ಕಾಡಿನೊಳಗೆ ಕ್ರೂರಿಯಾದ ಒಬ್ಬ ಕಳ್ಳ. ಅವನನ್ನು ಹಿಡಿಯಲು ಪಣತೊಟ್ಟ ಒಬ್ಬ ಪೋಲೀಸ್ ಅಧಿಕಾರಿ. ಕಳ್ಳನ ಹೆಂಡತಿಯ ವಿಶ್ವಾಸವನ್ನು ಗಳಿಸಿ ಸುದ್ದಿ ತರಲು ನಿಯುಕ್ತಳಾದ ಒಬ್ಬ ಹೆಂಗಸು. ಕೊನೆಗೆ ಉಪಾಯದಿಂದ ಕಳ್ಳನ ಸಂಹಾರ. ವೀರಪ್ಪನ್ನನ ಪಾತ್ರವನ್ನು ವಹಿಸಿದ ಸಂದೀಪ್ ಭಾರದ್ವಾಜ್ ಅವರ ವೇಷವಂತೂ ನೋಡಿದವರು ಬೆಚ್ಚುವಷ್ಟು ಸಹಜವಾಗಿದೆ. ಇದೇ ನಿರ್ದೇಶಕರು ಇದೇ ನಟರನ್ನು ಇದೇ ವೇಷದಲ್ಲಿ ಇಟ್ಟುಕೊಂಡು ಅದೇ ವರ್ಷದ ಜನವರಿ 1ರಂದು ಕನ್ನಡದಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಎಂಬ ಚಿತ್ರವನ್ನು ಬಿಡುಗಡೆ ಮಾಡಿದ್ದರು. ಅದರಲ್ಲಿ ಪೋಲೀಸ್ ಅಧಿಕಾರಿಯ ಪಾತ್ರವನ್ನು ಮಾಡಿದವರು ಶಿವರಾಜಕುಮಾರ್, ಅಂದರೆ ವೀರಪ್ಪನ್ ಹೊತ್ತೊಯ್ದಿದ್ದ ಡಾ. ರಾಜಕುಮಾರರ ಹಿರಿಯ ಮಗ. ತಂದೆಯನ್ನು ಸೆರೆಯಲ್ಲಿಟ್ಟವನ ಮೇಲೆ ಮಗನು ತೆರೆಯ ಮೇಲೆ ಬಂದೂಕೆತ್ತುವಾಗ ಕನ್ನಡ ಪ್ರೇಕ್ಷಕನ ಮನಸ್ಸಿನಲ್ಲಿ ಏನೇನು ಸುಳಿದಿರಬಹುದೋ ಅದನ್ನು ವಿವರಿಸಬೇಕಾಗಿಲ್ಲ. ಹಿಂದೀ ಚಿತ್ರದಲ್ಲಿ ಆ ಪಾತ್ರಕ್ಕೆ ಮುಂಬಯಿಯ ನಟರು ಬಂದರು. ಕಥೆ ಅದೇ ಉಳಿಯಿತು. ನೆನಪು ಮಾತ್ರ ಜಾರಿಹೋಯಿತು.

ಅದಕ್ಕಿಂತಲೂ ದೊಡ್ಡ ಲೋಪ ಇನ್ನೊಂದಿದೆ. ಹಿಂದೀ ಚಿತ್ರದಲ್ಲಿ ಎಲ್ಲರ ಮಾತೂ ಹಿಂದಿಯೇ. ಕಳ್ಳನದೂ ಹಿಂದಿ, ಪೋಲೀಸಿನವನದೂ ಹಿಂದಿ. ಚಿತ್ರ ಹಿಂದಿಯದಾದ್ದರಿಂದ ಇದನ್ನು ತಪ್ಪೆನ್ನಲಾಗದು. ಆದರೆ ವೀರಪ್ಪನ್ನನ ಚರಿತ್ರೆಯ ಬೀಗದ ಕೈ ಇರುವುದೇ ಭಾಷೆಗಳ ಗಡಿಯಲ್ಲಿ. ಕನ್ನಡ, ತಮಿಳು, ಸೋಲಿಗರ ನುಡಿ ಇವು ಒಂದನ್ನೊಂದು ಹಾದುಹೋಗುವ ಈ ಬೆಟ್ಟಸಾಲಿನಲ್ಲಿ ಎರಡು ಸರ್ಕಾರಗಳ ಗೆರೆ ಹೇಗೆ ಬಿದ್ದಿತು ಎಂಬುದನ್ನು ತಿಳಿಯದೆ ಆ ಮನುಷ್ಯನು ಇಪ್ಪತ್ತು ವರ್ಷಗಳ ಕಾಲ ಹೇಗೆ ಸಿಗದೆ ಉಳಿದನೆಂಬುದು ಅರ್ಥವಾಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ, ಸತ್ಯಮಂಗಲ ಮೊದಲಾದ ಪ್ರದೇಶಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾದವು. ಮೈಸೂರಿನ ಅರಸರಿಗೆ ಉಳಿದುದು ಅದರ ಆಚೆಯ ನೆಲ. ಹೀಗೆ ಸುಮಾರು ಒಂದೂವರೆ ಶತಮಾನ ಕೊಳ್ಳೇಗಾಲವೂ ನಮ್ಮ ತಾಳವಾಡಿಯೂ ಒಂದೇ ಜಿಲ್ಲೆಯಲ್ಲಿದ್ದವು. ಡಾ. ರಾಜಕುಮಾರ್ ಅವರು 1929ರ ಏಪ್ರಿಲ್ 24ರಂದು ಜನಿಸಿದರು. ಅವರ ಊರು ತಾಳವಾಡಿಯ ಬಳಿಯ ದೊಡ್ಡಗಾಜನೂರು. ವೀರಪ್ಪನ್ 1952ರ ಜನವರಿ 18ರಂದು ಕೊಳ್ಳೇಗಾಲದ ಸೀಮೆಯ ಗೋಪಿನಾಥಂ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅಂದಿನ ದಾಖಲೆಯ ಪ್ರಕಾರ ಇಬ್ಬರೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯವರೇ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ತಮಿಳನ್ನಾಡುವ ಗೋಪಿನಾಥಂ ಕನ್ನಡ ರಾಜ್ಯಕ್ಕೆ ಬಂದಿತು. ಕನ್ನಡವನ್ನಾಡುವ ಗಾಜನೂರು ತಮಿಳು ರಾಜ್ಯದಲ್ಲಿ ನಿಂತಿತು. ವಿಧಿಯ ವಿನೋದವೆನ್ನೋಣವೇ? ಗೆರೆ ಎಳೆದವರಿಗೆ ಇದು ಭೂಪಟದ ಮಾತು. ಗೆರೆಯ ಮೇಲೆ ಬದುಕುವವರಿಗೆ ಮಾತ್ರ ಶಾಲೆ, ಕಚೇರಿ, ನ್ಯಾಯಾಲಯ ಎಲ್ಲದರ ಭಾಷೆಯೂ ಅದರಿಂದ ನಿರ್ಣಯವಾಯಿತು.

ಕಾಡಿಗೆ ಈ ಗೆರೆ ಕಾಣುವುದಿಲ್ಲ. ಮಾದೇಶ್ವರನ ಬೆಟ್ಟದಿಂದ ಇಳಿದ ಪಾಲಾರಿನ ಈ ದಡ ಒಂದು ರಾಜ್ಯ, ಆ ದಡ ಮತ್ತೊಂದು. ಆನೆಗಳು ಎರಡು ದಡಗಳಲ್ಲಿಯೂ ಮೇಯುತ್ತವೆ. ಆದರೆ ಪೋಲೀಸರಿಗೂ ಅರಣ್ಯ ಇಲಾಖೆಯವರಿಗೂ ಆ ಗೆರೆಯೇ ಎಲ್ಲೆ. ಕರ್ನಾಟಕದ ತಂಡ ಅಟ್ಟಿಸಿಕೊಂಡು ಬಂದರೆ ತಮಿಳುನಾಡಿನ ಬೆಟ್ಟಕ್ಕೆ ದಾಟುವುದು, ಅಲ್ಲಿನವರು ಬಂದರೆ ಇತ್ತ ಹಿಂದಿರುಗುವುದು: ವೀರಪ್ಪನ್ನನ ಯುದ್ಧತಂತ್ರವೆಲ್ಲ ಮೊದಮೊದಲಿಗೆ ಇಷ್ಟೇ. ಯಾವ ಕೋಟೆಯೂ ಕೊಡದ ರಕ್ಷಣೆಯನ್ನು ಆ ಕಾಣದ ಗೆರೆ ಅವನಿಗೆ ಕೊಟ್ಟಿತು. ಚಿತ್ರದಲ್ಲಿ ಮರಗಳೂ ಬಂಡೆಗಳೂ ತೊರೆಗಳೂ ಬಹು ಸುಂದರವಾಗಿ ಕಾಣುತ್ತವೆ. ಗಡಿಯನ್ನು ಛಾಯಾಗ್ರಾಹಕನು ಹೇಗೆ ತಾನೇ ತೋರಿಸಬಲ್ಲನು?

ಕಳ್ಳತನಕ್ಕೆ ಕಾರಣವಾದ ವಸ್ತುಗಳೂ ವಿಚಾರಾರ್ಹವಾಗಿವೆ. ಮೊದಲು ಆನೆಯ ದಂತ, ಅನಂತರ ಶ್ರೀಗಂಧ. ನಮ್ಮ ದೇಶದ ಆನೆಗಳಲ್ಲಿ ಕೋರೆದಂತವಿರುವುದು ಗಂಡಿಗೆ ಮಾತ್ರ. ಆದುದರಿಂದ ದಂತಕ್ಕಾಗಿ ಕೊಂದರೆ ಸಾಯುವುದು ಸಲಗಗಳೇ. ಹಿಂಡಿನಲ್ಲಿ ಗಂಡು ಕಡಿಮೆಯಾದುದರ ಪರಿಣಾಮ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದಲ್ಲ. ಇನ್ನು ಗಂಧದ ವಿಷಯ. ಟಿಪ್ಪುಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅರಸರು ಹೋದರು, ಕಂಪನಿ ಹೋಯಿತು, ಸ್ವರಾಜ್ಯವೂ ಬಂದಿತು. ಆ ನಿಯಮ ಮಾತ್ರ ರೂಪಾಂತರದಲ್ಲಿ ಉಳಿದುಕೊಂಡಿತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಕೂಡ ಅವನದಲ್ಲ, ಸರ್ಕಾರದ್ದು. ಅದು ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ಅವನೇ. ಹೀಗಿರುವಾಗ ಗಂಧದ ಸಸಿಯನ್ನು ಕಂಡ ರೈತನಿಗೆ ಸಂತೋಷವಾಗುವ ಬದಲು ಭಯವಾಗುತ್ತಿದ್ದರೆ ಆಶ್ಚರ್ಯವೇನು? ಗಂಧದ ಬೆಲೆಯೆಲ್ಲ ಒಳಗಿನ ಚೇಗಿನಲ್ಲಿಯೂ ಬೇರಿನಲ್ಲಿಯೂ ಇರುವುದರಿಂದ ಕಳ್ಳರು ಮರವನ್ನು ಕಡಿದು ಮೋಟನ್ನು ಬಿಟ್ಟು ಹೋಗುವುದಿಲ್ಲ, ಬುಡಸಮೇತ ಕೀಳುತ್ತಾರೆ. ಕರ್ನಾಟಕದಲ್ಲಿ ಗಂಧದ ಮರದ ಒಡೆತನವನ್ನು ಭೂಮಿಯ ಒಡೆಯನಿಗೇ ಕೊಟ್ಟ ಕಾನೂನು ಬಂದುದು 2001ರಲ್ಲಿ. ಅಷ್ಟರೊಳಗೆ ನಮ್ಮ ಬೆಟ್ಟಗಳ ಗಂಧ ಬಹುಮಟ್ಟಿಗೆ ಬರಿದಾಗಿತ್ತು. ವೀರಪ್ಪನ್ ಒಬ್ಬನೇ ಅದನ್ನೆಲ್ಲ ಹೊತ್ತುಕೊಂಡು ಹೋಗಿ ಮಾರಿದನೆಂದು ನಂಬುವುದು ಕಷ್ಟ. ಕೊಳ್ಳುವವರಿದ್ದರು, ಸಾಗಿಸುವವರಿದ್ದರು, ಕಣ್ಣು ಮುಚ್ಚಿಕೊಂಡವರೂ ಇದ್ದರು. ಅವರ ಮೇಲೆ ಯಾರೂ ಚಲನಚಿತ್ರ ತೆಗೆದಿಲ್ಲ.

1986ರಲ್ಲಿ ಅವನು ಒಮ್ಮೆ ಸೆರೆಸಿಕ್ಕಿದ್ದನು. ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡನು. ಮರುವರ್ಷ ತಮಿಳುನಾಡಿನ ಅರಣ್ಯಾಧಿಕಾರಿ ಚಿದಂಬರಂ ಹತರಾದರು. ಅಲ್ಲಿಂದ ಮುಂದಿನದು ರಕ್ತದ ಕಥೆ.

ಆ ಕಥೆಯಲ್ಲಿ ಪಿ. ಶ್ರೀನಿವಾಸ್ ಅವರ ಹೆಸರನ್ನು ಬೇರೆಯಾಗಿಯೇ ಹೇಳಬೇಕು. ಆಂಧ್ರದ ರಾಜಮಹೇಂದ್ರಿಯ ಕಡೆಯ ಈ ಅರಣ್ಯಾಧಿಕಾರಿಗಳು ಕಳ್ಳನನ್ನು ಹಿಡಿಯಲು ಅವನ ಹುಟ್ಟೂರಾದ ಗೋಪಿನಾಥಂಗೇ ಹೋದರು. ಆದರೆ ಬಂದೂಕು ಹಿಡಿದು ಬೆದರಿಸಲು ಹೋದವರಲ್ಲ. ಹಳ್ಳಿಯವರಿಗೆ ಔಷಧೋಪಚಾರದ ಏರ್ಪಾಡು ಮಾಡಿದರು. ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟರು. ಕಳ್ಳನ ಗುಂಪನ್ನು ಸೇರಿದವರನ್ನು ಒಬ್ಬೊಬ್ಬರಾಗಿ ಶರಣಾಗುವಂತೆ ಒಡಂಬಡಿಸಿದರು. ಊರೇ ಕಳ್ಳನಿಂದ ದೂರವಾಗತೊಡಗಿತು. ಬಂದೂಕಿಗೆ ಅಂಜದವನು ಇದಕ್ಕೆ ಅಂಜಿದನು. 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುವನೆಂಬ ಸುದ್ದಿಯನ್ನು ನಂಬಿ ನಿರಾಯುಧರಾಗಿ ಹೊರಟ ಶ್ರೀನಿವಾಸರನ್ನು ಕಾಡಿನಲ್ಲಿ ಗುಂಡಿಟ್ಟು ಕೊಂದು ತಲೆಯನ್ನು ಕಡಿದರು. ಭಾರತ ಸರ್ಕಾರ 1992ರಲ್ಲಿ ಮರಣೋತ್ತರವಾಗಿ ಕೀರ್ತಿಚಕ್ರವನ್ನು ನೀಡಿತು. ಇವರ ಬಾಳು ಒಂದು ಪೂರ್ಣ ಚಿತ್ರಕ್ಕೆ ಸಾಲುವಷ್ಟಿದೆ. ಆದರೆ ಮೀಸೆಯ ಕಳ್ಳನ ಎದುರಿಗೆ ಔಷಧಿಯ ಪೆಟ್ಟಿಗೆ ಹಿಡಿದ ಅಧಿಕಾರಿಯನ್ನು ನೋಡಲು ಟಿಕೆಟ್ಟು ಕೊಳ್ಳುವವರು ವಿರಳವೆಂದು ನಿರ್ಮಾಪಕರು ಎಣಿಸಿರಬೇಕು.

ಮುಂದಿನ ಎರಡು ವರ್ಷ ಒಂದರ ಮೇಲೊಂದು ಆಘಾತ. 1992ರ ಮೇ ತಿಂಗಳಲ್ಲಿ ರಾಮಾಪುರದ ಪೋಲೀಸ್ ಠಾಣೆಯ ಮೇಲೆ ದಾಳಿಯಾಗಿ ಐವರು ಪೋಲೀಸರು ಮಡಿದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚುದಾಳಿಗೆ ಸಿಕ್ಕಿ ಮೈಸೂರಿನ ಪೋಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಯ ನಾಲ್ವರು ಪ್ರಾಣಬಿಟ್ಟರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು.

ಇದಾದ ಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡಿಗೆ ಇಳಿದವು. ಕಾಡಂಚಿನ ಬಡವರ ಪಾಲಿಗೆ ನಿಜವಾದ ಗೋಳು ತೊಡಗಿದುದು ಆಗ. ರಾತ್ರಿ ಕಳ್ಳರು ಬಂದು ಅಕ್ಕಿ, ರಾಗಿ ಕೇಳುವರು, ಇಲ್ಲವೆಂದರೆ ಸಾವು. ಬೆಳಗ್ಗೆ ಪೋಲೀಸರು ಬಂದು ಕಳ್ಳನಿಗೆ ಅಕ್ಕಿ ಕೊಟ್ಟವರಾರೆಂದು ಕೇಳುವರು. ಮಾದೇಶ್ವರನ ಬೆಟ್ಟದ ಪೋಲೀಸ್ ಶಿಬಿರದಲ್ಲಿ ಚಿತ್ರಹಿಂಸೆ ಕೊಡುತ್ತಿದ್ದ ಜಾಗವನ್ನು ಜನ ‘ವರ್ಕ್‌ಶಾಪ್’ ಎಂದು ಕರೆದರು. ದೇವರಗುಡ್ಡರು ತಲೆತಲಾಂತರದಿಂದ ಮಾದಪ್ಪನ ಮಹಿಮೆಯನ್ನು ಕಂಸಾಳೆ ಹಿಡಿದು ಹಾಡುತ್ತ ಬಂದ ಬೆಟ್ಟಕ್ಕೆ ಇಂಥ ಮಾತೂ ಅಂಟಿಕೊಂಡಿತಲ್ಲ ಎಂದು ಮನಸ್ಸು ನೋಯುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಮಂಡಲಿಯನ್ನು ನೇಮಿಸಿತು. ಹಳ್ಳಿಯ ಹೆಂಗಸರೂ ಸೋಲಿಗರೂ ಅದರ ಮುಂದೆ ನಿಂತು ಸಾಕ್ಷಿ ನುಡಿದರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತು. ಟಾಡಾ ಕಾನೂನಿನ ಕೆಳಗೆ ಬಂಧಿತರಾಗಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುಪಾಲು ಜನ 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಕರ್ತವ್ಯದಲ್ಲಿ ಪ್ರಾಣಕೊಟ್ಟ ಪೋಲೀಸರನ್ನು ಗೌರವಿಸುವುದಕ್ಕೂ ನಿರಪರಾಧಿಗಳ ಮೇಲೆ ನಡೆದುದನ್ನು ಮರೆಯದಿರುವುದಕ್ಕೂ ವಿರೋಧವಿಲ್ಲ. ಚರಿತ್ರೆ ಬರೆಯುವವನು ಎರಡನ್ನೂ ಬರೆಯಬೇಕು.

ಇನ್ನು ಗಾಜನೂರಿನ ಪ್ರಸಂಗ. ಇದಕ್ಕೆ ಮುನ್ನ ಒಂದು ವಿಚಿತ್ರವನ್ನು ಹೇಳಬೇಕು. ಇದೇ ರಾಮ್ ಗೋಪಾಲ್ ವರ್ಮಾ ಅವರು 2016ಕ್ಕೆ ಬಹು ಮುಂಚೆಯೇ ‘ಜಂಗಲ್’ ಎಂಬ ಹಿಂದೀ ಚಿತ್ರವನ್ನು ತೆಗೆದಿದ್ದರು. ವೀರಪ್ಪನ್ನನ ನೆರಳಿನಲ್ಲಿ ರೂಪಿಸಿದ, ಬೇರೆ ಹೆಸರಿನ ಕಾಡುಗಳ್ಳನೊಬ್ಬನು ಕಾಡು ನೋಡಲು ಬಂದವರನ್ನು ಒತ್ತೆಯಾಳುಗಳಾಗಿ ಹಿಡಿದಿಡುವುದೇ ಅದರ ಕಥೆ. ಅದು ತೆರೆಕಂಡುದು 2000ದ ಜುಲೈ ತಿಂಗಳಲ್ಲಿ. ಅದೇ ತಿಂಗಳ 30ನೆಯ ತಾರೀಖು, ಭಾನುವಾರ, ಆಷಾಢದ ಅಮಾವಾಸ್ಯೆಯ ಕತ್ತಲಲ್ಲಿ ವೀರಪ್ಪನ್ ದೊಡ್ಡಗಾಜನೂರಿನ ಮನೆಗೆ ನುಗ್ಗಿ ಡಾ. ರಾಜಕುಮಾರರನ್ನೂ ಅವರ ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಎಂಬುವರನ್ನೂ ಕರೆದೊಯ್ದನು. ಚಿತ್ರಮಂದಿರದಲ್ಲಿ ಜನರು ಕಾಸು ಕೊಟ್ಟು ನೋಡುತ್ತಿದ್ದ ಭಯ ನಮ್ಮ ಊರಿನ ಅಂಗಳಕ್ಕೇ ಬಂದು ನಿಂತಿತು. ರಾಜಕುಮಾರರಿಗೆ ಆಗ ಎಪ್ಪತ್ತೊಂದು ವರ್ಷ.

ಆ 108 ದಿನಗಳ ವೃತ್ತಾಂತವನ್ನು ಪತ್ರಿಕೆಗಳು ವಿಸ್ತಾರವಾಗಿ ಬರೆದಿವೆ. ಎರಡು ರಾಜ್ಯಗಳ ಮುಖ್ಯಮಂತ್ರಿಗಳಾದ ಎಸ್. ಎಂ. ಕೃಷ್ಣ, ಎಂ. ಕರುಣಾನಿಧಿ ಇವರ ಸಮಾಲೋಚನೆಗಳು, ನಕ್ಕೀರನ್ ಗೋಪಾಲರ ಸಂಧಾನ, ಬೆಂಗಳೂರು ಸ್ತಬ್ಧವಾದುದು, ಇವೆಲ್ಲ ಬಲ್ಲ ಸಂಗತಿಗಳು. ನಾವು ಗಮನಿಸಬೇಕಾದುದು ಅವನು ಮುಂದಿಟ್ಟ ಬೇಡಿಕೆಗಳನ್ನು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ತೀರ್ಪು ಜಾರಿಗೆ ಬರಬೇಕು. ಕರ್ನಾಟಕದಲ್ಲಿ ತಮಿಳಿಗೆ ಎರಡನೆಯ ಆಡಳಿತ ಭಾಷೆಯ ಸ್ಥಾನ ಸಿಗಬೇಕು. ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಅನಾವರಣವಾಗಬೇಕು. ಟಾಡಾ ಬಂದಿಗಳು ಬಿಡುಗಡೆಯಾಗಬೇಕು. ಗಂಧದ ಕಳ್ಳನು ಒಂದು ರಾತ್ರಿಯಲ್ಲಿ ಭಾಷೆಯ ವಕೀಲನಾದನು! ಇದರ ಹಿಂದೆ ಅವನನ್ನು ಸೇರಿಕೊಂಡಿದ್ದ ತಮಿಳು ಉಗ್ರವಾದಿಗಳ ಬುದ್ಧಿಯಿತ್ತೆಂಬುದು ಸ್ಪಷ್ಟ. ಆದರೆ ಪರಿಣಾಮವನ್ನು ಉಂಡವರು ಯಾರು? ಬೆಂಗಳೂರಿನ ತಮಿಳು ಕೂಲಿಕಾರರು, ಮತ್ತು ಗೆರೆಯ ಈಚೆಗೆ ತಮಿಳುನಾಡಿನೊಳಗೆ ಇರುವ ನಮ್ಮಂಥ ಕನ್ನಡಿಗರು. ಅಲ್ಲೊಂದು ಕಲ್ಲು ಬಿದ್ದರೆ ಇಲ್ಲೊಂದು ಬೀಳುವುದೋ ಎಂದು ಎರಡು ಕಡೆಯ ಅಲ್ಪಸಂಖ್ಯಾತರೂ ಉಸಿರು ಹಿಡಿದುಕೊಂಡಿದ್ದರು. ತಿರುವಳ್ಳುವರರೂ ಸರ್ವಜ್ಞನೂ ನಮ್ಮ ಗಡಿಯ ಮನೆಗಳಲ್ಲಿ ಒಂದೇ ಗೂಡಿನಲ್ಲಿ ಇರತಕ್ಕವರು. ಅವರನ್ನು ಬಂದೂಕಿನ ಮೊನೆಯಲ್ಲಿ ಬೇಡಿದುದು ಆ ಮಹಾಕವಿಗೇ ಅಪಚಾರ. ಅನಂತರ 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಕೆಲವೇ ದಿನಗಳ ಅಂತರದಲ್ಲಿ ಅನಾವರಣಗೊಂಡವು. ಅದಕ್ಕೆ ಯಾರ ಬಂದೂಕೂ ಬೇಕಾಗಲಿಲ್ಲ.

ಟಾಡಾ ಬಂದಿಗಳನ್ನು ಬಿಟ್ಟು ರಾಜಕುಮಾರರನ್ನು ಬಿಡಿಸಿಕೊಳ್ಳಲು ಸರ್ಕಾರಗಳು ಸಿದ್ಧವಾಗಿದ್ದವು. ಆಗ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವರು ಅಬ್ದುಲ್ ಕರೀಂ ಎಂಬ ವೃದ್ಧರು; ಮೀಣ್ಯದ ಬಳಿ ಸತ್ತ ಶಕೀಲ್ ಅಹಮದರ ತಂದೆ. ನಾಡಿಗೆ ನಾಡೇ ರಾಜಕುಮಾರರ ಬಿಡುಗಡೆಗಾಗಿ ಹರಕೆ ಹೊರುತ್ತಿದ್ದಾಗ, ಮಗನನ್ನು ಕೊಂದ ಮೊಕದ್ದಮೆಯ ಆರೋಪಿಗಳನ್ನು ಹೀಗೆ ಬಿಡುವುದು ನ್ಯಾಯವೇ ಎಂದು ಒಬ್ಬ ತಂದೆ ಕೇಳಬೇಕಾದರೆ ಎಷ್ಟು ಎದೆಗಟ್ಟಿ ಬೇಕು! 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿದು ಬಂದಿಗಳ ಬಿಡುಗಡೆಯನ್ನು ತಡೆಯಿತು. ಇನ್ನೇನು ಗತಿಯೆಂದು ಎಲ್ಲರೂ ಅಂಜಿದರು. ಆದರೆ ನವೆಂಬರ್ 15ರಂದು ರಾಜಕುಮಾರರು ಸುಕ್ಷೇಮವಾಗಿ ಹೊರಬಂದರು. ಆ ಬಂದಿಗಳಲ್ಲಿ ಬಹುಮಂದಿ ನಿರ್ದೋಷಿಗಳೆಂಬುದು ಮರುವರ್ಷ ನ್ಯಾಯಾಲಯದಲ್ಲಿಯೇ ತೀರ್ಮಾನವಾಯಿತೆಂದು ಮೇಲೆ ಹೇಳಿದೆವಷ್ಟೆ. ತಂದೆಯ ಪ್ರಶ್ನೆಯೂ ನ್ಯಾಯವಾದುದು, ಬಂದಿಗಳ ಗೋಳೂ ನಿಜವಾದುದು. ಇಂಥ ಗಂಟನ್ನು ಬಿಡಿಸುವುದು ಎರಡು ಗಂಟೆಯ ಚಿತ್ರಕ್ಕೆ ಸಾಧ್ಯವಿಲ್ಲ.

ಎಲ್ಲ ಒತ್ತೆಯಾಳುಗಳಿಗೂ ಅದೇ ಅದೃಷ್ಟವಿರಲಿಲ್ಲ. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರ ಶವ ಡಿಸೆಂಬರಿನಲ್ಲಿ ಕಾಡಿನಲ್ಲಿ ಸಿಕ್ಕಿತು. ಅದಕ್ಕೂ ಮುಂಚೆ, 1997ರಲ್ಲಿ, ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿ ಇವರು ಹದಿನಾಲ್ಕು ದಿನ ಅವನ ಸೆರೆಯಲ್ಲಿದ್ದು ಬಂದು ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಅದರಲ್ಲಿ ಕಾಣುವ ವೀರಪ್ಪನ್ ತೆರೆಯ ಮೇಲಿನ ರಾಕ್ಷಸನೂ ಅಲ್ಲ, ಬಡವರ ಬಂಧುವೂ ಅಲ್ಲ. ಕಾಡನ್ನು ಅಂಗೈಯಂತೆ ಬಲ್ಲ, ನಾಡನ್ನು ಏನೇನೂ ಅರಿಯದ ಒಬ್ಬ ಮನುಷ್ಯ. ಚಿತ್ರ ನೋಡಿದ ವಿದ್ಯಾರ್ಥಿಗಳಿಗೆ ಆ ಪುಸ್ತಕವನ್ನು ಓದಲು ಕೊಡುವುದು ನಮ್ಮ ರೂಢಿ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ, ಚಿಕಿತ್ಸೆಗೆಂದು ಅವನು ಕುಳಿತು ಬರುತ್ತಿದ್ದ ಆಂಬುಲೆನ್ಸ್ ಗಾಡಿಯನ್ನು ತಡೆದು ತಮಿಳುನಾಡಿನ ಕಾರ್ಯಪಡೆ ಅವನನ್ನು ಕೊಂದಿತು. ಪಡೆಯ ಮುಖ್ಯಸ್ಥರು ಕೆ. ವಿಜಯಕುಮಾರ್. ಹಿಂದೀ ಚಿತ್ರ ಮುಗಿಯುವುದು ಇಲ್ಲಿಗೇ. ತನ್ನ ಗಂಡನ ಕಥೆಯನ್ನು ಚಿತ್ರವಾಗಿಸುವುದನ್ನು ಅವನ ಹೆಂಡತಿ ನ್ಯಾಯಾಲಯದಲ್ಲಿ ಪ್ರಶ್ನಿಸಿದುದು 2013ರ ಕನ್ನಡ ‘ಅಟ್ಟಹಾಸ’ದ ಕಾಲದಲ್ಲಿ. ಕೊಲೆಯಾದವರ ಮನೆಯವರ ಒಪ್ಪಿಗೆಯನ್ನು ಯಾರಾದರೂ ಕೇಳಿದರೋ ತಿಳಿಯದು.

ಬೆಟ್ಟದ ಮೇಲೆ ಕಾಲ ಬದಲಾಗಿದೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ತಾಳವಾಡಿ 2016ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬರುವ ಪ್ರವಾಸಿಗಳಲ್ಲಿ ಕೆಲವರು ವೀರಪ್ಪನ್ ಎಲ್ಲಿ ಅಡಗಿದ್ದನೆಂದು ಇಂದಿಗೂ ಕೇಳುವುದುಂಟು. ಗೋಪಿನಾಥಂನಲ್ಲಿ ಶ್ರೀನಿವಾಸ್ ಅವರು ಕಟ್ಟಿಸಿದ ಮಾರಿಯಮ್ಮನ ಗುಡಿ ನಿಂತಿದೆ. ಊರಿನವರು ಅಲ್ಲಿ ಆ ಅಧಿಕಾರಿಯ ಭಾವಚಿತ್ರಕ್ಕೆ ಕೈಮುಗಿಯುತ್ತಾರೆ.